ತುದಿಯ ಒಂದು ಗೇಣು

ಮೂರು ವರ್ಷ ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ದುಡಿದು ದಾವಣಗೆರೆಗೆ ಮರಳುವಾಗ ನಾನು ಬಿಲಿಯರ್ಡ್ಸ್ ಆಡುವ ಕೋಲು, ಅಂದರೆ ಒಂದು ಕ್ಯೂ, ಮತ್ತು ಮೂರು ಚೆಂಡುಗಳನ್ನು ತಂದಿದ್ದೆ. ತ್ರೀ ಕುಷನ್ ಬಿಲಿಯರ್ಡ್ಸ್‌ಗೆ ಅಲ್ಲಿ ಎಷ್ಟು ಮರ್ಯಾದೆಯೆಂದರೆ, 2023ರಲ್ಲಿ ಅಂಕಾರಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪನ್ನು ಆ ದೇಶದ ಬಾವೊ ಫುವಾಂಗ್ ವಿನ್ ಗೆದ್ದರು. ಪಂಕಜ್ ಅಡ್ವಾಣಿಯವರಿಂದ ನಮಗೆ ಪರಿಚಯವಾದ ಬಿಲಿಯರ್ಡ್ಸ್ ಬೇರೆ, ಇದು ಬೇರೆ. 2.84 ಮೀಟರ್ ಉದ್ದ, 1.42 ಮೀಟರ್ ಅಗಲದ ಇದರ ಟೇಬಲ್ಲಿಗೆ ಪಾಕೆಟ್ಟುಗಳೇ ಇರುವುದಿಲ್ಲ. ನಮ್ಮ ಚೆಂಡು ಉಳಿದೆರಡಕ್ಕೂ ತಾಗಬೇಕು, ಎರಡನೆಯದಕ್ಕೆ ತಾಗುವ ಮೊದಲು ಕನಿಷ್ಠ ಮೂರು ಸಲ ಕುಷನ್ನಿಗೆ, ಅಂದರೆ ಟೇಬಲ್ಲಿನ ಅಂಚಿನ ರಬ್ಬರ್ ಪಟ್ಟಿಗೆ, ಬಡಿದಿರಬೇಕು. ಹಾಗಾದರೆ ಮಾತ್ರ ಒಂದು ಅಂಕ.

ಕಳೆದ ಬೇಸಿಗೆಯಲ್ಲಿ ನನ್ನ ಕ್ಯೂವಿನ ಶಾಫ್ಟ್, ಅಂದರೆ ಮುಂದಿನ ತೆಳುವಾದ ಅರ್ಧ, ಸೊಟ್ಟಗಾಯಿತು. ಮಹಡಿಯ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದೆ. ಏಪ್ರಿಲ್‌ನ ಒಣ ಬಿಸಿಲಿಗೆ ಬಿರುಸಾದ ಮರ ಮುಂಗಾರಿನ ತೇವಕ್ಕೆ ಬಾಗಿತು. ವರ್ಷಕ್ಕೊಮ್ಮೆ ಕೆಲಸದ ಮೇಲೆ ಒಂದು ತಿಂಗಳು ಅಲ್ಲಿಗೆ ಹೋಗುವ ನನಗೆ ಆ ತಿಂಗಳ ಆಟ ಕೈತಪ್ಪುವುದು ಬೇಡವಾಗಿತ್ತು. ಆದ್ದರಿಂದ ಹೊಸ ಶಾಫ್ಟ್ ಹುಡುಕಲು ಕುಳಿತೆ.

ಇಲ್ಲಿನ ಹಾಲ್‌ನಲ್ಲಿರುವ ಸ್ನೂಕರ್ ಕ್ಯೂ ಸಾಲದೇ ಎಂದು ಗೆಳೆಯರು ಕೇಳಿದರು. ಸಾಲದು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್, ತ್ರೀ ಕುಷನ್ ಚೆಂಡಿನದು 61.5, ತೂಕ 205ರಿಂದ 220 ಗ್ರಾಂ, ಅಂದರೆ ಸ್ನೂಕರ್ ಚೆಂಡಿನ ಸುಮಾರು ಒಂದೂವರೆ ಪಟ್ಟು. ಸ್ನೂಕರ್ ಕ್ಯೂವಿನ ತುದಿಯ ಚರ್ಮದ ಬಿಲ್ಲೆಯಾದ ಒಂಬತ್ತೂವರೆ ಮಿಲಿಮೀಟರಿನ ಟಿಪ್ಪಿನಿಂದ ಅದನ್ನು ಹೊಡೆದರೆ ಕಲ್ಲಿಗೆ ಕಡ್ಡಿ ತಾಗಿಸಿದಂತಾಗುತ್ತದೆ. ಆದ್ದರಿಂದಲೇ ಈ ಆಟದ ಶಾಫ್ಟ್‌ಗೆ ಸುಮಾರು 12 ಮಿಲಿಮೀಟರಿನ ಟಿಪ್ ಇರುತ್ತದೆ, ಮತ್ತು ಶಾಫ್ಟ್ ಟಿಪ್ಪಿನಿಂದ, ಹಿಂದಿನ ಅರ್ಧವಾದ ಬಟ್ ಸೇರುವ ಜಾಯಿಂಟ್‌ವರೆಗೆ ಶಂಕುವಿನಂತೆ ಒಂದೇ ಸಮನೆ ದಪ್ಪವಾಗುತ್ತಾ ಹೋಗುತ್ತದೆ. ಪೂಲ್ ಶಾಫ್ಟ್‌ನ ಹಾಗೆ ಮುಂಭಾಗದಲ್ಲಿ ಒಂದಡಿಯಷ್ಟು ಒಂದೇ ದಪ್ಪ ಇದಕ್ಕಿರುವುದಿಲ್ಲವಾದ್ದರಿಂದ ಬಳುಕು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಶಾಫ್ಟ್‌ನ ತುದಿಯ ಒಂದು ಗೇಣಿನ ಬಗ್ಗೆ. ಚೆಂಡಿಗೆ ಎಡ ಅಥವಾ ಬಲ ಸೈಡ್ ಕೊಟ್ಟು, ಅಂದರೆ ನಡುವಿನಿಂದ ಪಕ್ಕಕ್ಕೆ ತಾಗಿಸಿ ತಿರುಗುವಂತೆ, ಹೊಡೆದಾಗ ಅದು ಕ್ಯೂ ನೋಡುತ್ತಿದ್ದ ಗೆರೆಯಲ್ಲಿಯೇ ಹೋಗದೆ ಎದುರು ಪಕ್ಕಕ್ಕೆ ತುಸು ಸರಿಯುತ್ತದೆ. ಟಿಪ್ಪಿಗೂ ಚೆಂಡಿಗೂ ಸಂಪರ್ಕವಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರೊಳಗೆ ಪಕ್ಕಕ್ಕೆ ದೂಡಿಸಿಕೊಳ್ಳುವುದು ಶಾಫ್ಟ್‌ನ ಮುಂದಿನ ಆರೆಂಟು ಅಂಗುಲ ಮಾತ್ರ. ಹಿಂದಿನ ಭಾಗಕ್ಕೆ ಸುದ್ದಿ ತಲುಪುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆ ಗೇಣಿನಷ್ಟು ಮರ ಭಾರವಾಗಿದ್ದಷ್ಟೂ ಚೆಂಡು ಹೆಚ್ಚು ಸರಿಯುತ್ತದೆ. ತುದಿಯನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡುವುದು, ಟಿಪ್ಪಿನ ಕೆಳಗಿನ ಬಳೆಯಾದ ಫೆರೂಲನ್ನು ಹಗುರವಾದ ವಸ್ತುವಿನಲ್ಲಿ ಮಾಡುವುದು ಎಲ್ಲವೂ ಈ ಭಾರ ಇಳಿಸಲೆಂದೇ. ಸರಿಯುವಿಕೆ ಒಂದು ಡಿಗ್ರಿಯಾದರೂ ಎರಡೂವರೆ ಮೀಟರ್ ಸಾಗುವಷ್ಟರಲ್ಲಿ ಚೆಂಡು ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಆಚೆ ಇರುತ್ತದೆ. ಸೈಡ್ ಇಲ್ಲದ ಹೊಡೆತವೇ ಅಪರೂಪವಾಗಿರುವ ಈ ಆಟದಲ್ಲಿ ಅದು ಸಣ್ಣ ಅಂತರವಲ್ಲ.

ಹಾಗೆಂದು ಅತಿ ಕಡಿಮೆ ಸರಿಸುವ ಶಾಫ್ಟೇ ಅತ್ಯುತ್ತಮ ಎಂಬ ಮಾರಾಟಗಾರರ ಮಾತನ್ನು ನಾನು ಒಪ್ಪುವುದಿಲ್ಲ. ಚೆಂಡು ಇಷ್ಟು ಭಾರವಿರುವುದರಿಂದ ಇಲ್ಲಿ ಸರಿಯುವಿಕೆ ಪೂಲ್‌ಗಿಂತ ಮೊದಲೇ ಕಡಿಮೆ. ಉಳಿದ ಅಷ್ಟನ್ನು ನನ್ನ ಕಣ್ಣು ಮೂರು ವರ್ಷಗಳಲ್ಲಿ ಕಲಿತು, ಗುರಿ ಹಿಡಿಯುವಾಗಲೇ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಹೊಸ ಶಾಫ್ಟ್ ಆ ಲೆಕ್ಕಕ್ಕೆ ಹತ್ತಿರವಿರಬೇಕು, ಪ್ರತಿ ಸಲವೂ ಒಂದೇ ಥರ ವರ್ತಿಸಬೇಕು.

ಅದನ್ನು ಅಳೆಯಲು ತ್ರೀ ಕುಷನ್ ಟೇಬಲ್ ಬೇಕಿಲ್ಲ. ನಮ್ಮ ಹಾಲ್‌ನ ಪೂಲ್ ಟೇಬಲ್ಲಿನ ಮೇಲೆ ಬೆಳಿಗ್ಗೆ ಜನ ಬರುವ ಮುನ್ನ ಎರಡು ಚೆಂಡುಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ನೇರ ಗುರಿ ಹಿಡಿದು, ಕ್ಯೂವಿಗೆ ಆಸರೆಯಾದ ಎಡಗೈ ಕದಲಿಸದೆ ಬಟ್ ಹಿಡಿದ ಕೈಯನ್ನು ಮಾತ್ರ ಪಕ್ಕಕ್ಕೆ ತಂದು ಜೋರಾಗಿ ಹೊಡೆಯುತ್ತೇನೆ. ಎಡಗೈಯಿಡುವ ಜಾಗ ಬದಲಿಸುತ್ತಾ ಹೋಗಿ, ಎದುರಿನ ಚೆಂಡಿಗೆ ಪೂರ್ತಿ ಮುಖಾಮುಖಿ ತಾಗಿದಾಗ, ಎಡಗೈಯಿಂದ ಟಿಪ್‌ವರೆಗಿನ ದೂರವೇ ಆ ಶಾಫ್ಟ್‌ನ ಗುಣದ ಅಳತೆ. ತುದಿ ಹಗುರವಿದ್ದಷ್ಟೂ ಆ ದೂರ ಹೆಚ್ಚು. ಹಳೆಯ ಶಾಫ್ಟ್ ಬಾಗುವುದಕ್ಕೆ ಮುಂಚೆ ನಾನು ಬರೆದಿಟ್ಟುಕೊಂಡದ್ದು ಒಂದೂವರೆ ಗೇಣು. ಗೆಳೆಯರೊಬ್ಬರು ತರಿಸಿಕೊಟ್ಟ ಕಾರ್ಬನ್ ಶಾಫ್ಟ್ ಎರಡು ಗೇಣನ್ನೂ ದಾಟಿತು.

ಜಾಯಿಂಟ್ ವಿಷಯದಲ್ಲಿ ಒಂದು ಎಚ್ಚರಿಕೆ. ನನ್ನ ಬಟ್‌ಗೆ ಮರದ ತಿರುಪಿನ ಜಾಯಿಂಟ್ ಇದೆ. ಅದನ್ನು ಸ್ಪಷ್ಟವಾಗಿ ತಿಳಿಸಿದ್ದರೂ ಒಂದು ಅಂಗಡಿಯವರು ಲೋಹದ ಪಿನ್ನಿಗೆ ಹೊಂದುವ ಶಾಫ್ಟ್ ಕಳಿಸಿದರು. ಅದನ್ನು ಹಿಂತಿರುಗಿಸುವುದರಲ್ಲೇ ಎರಡು ತಿಂಗಳು ಕಳೆದವು. ಫೋಟೋ ಮತ್ತು ಅಳತೆ ಕಳಿಸದೆ ಹಣ ಕಟ್ಟಬೇಡಿ.

ಕೊನೆಗೆ ಉಳಿದದ್ದು ಎರಡು ಮೇಪಲ್ ಮರದ ಶಾಫ್ಟ್‌ಗಳು. ಅವನ್ನು ಹಳೇ ದಾವಣಗೆರೆಯಲ್ಲಿ ಬಾಗಿಲು, ಕಿಟಕಿ ಮಾಡುವ ನಮ್ಮ ಪರಿಚಯದ ಆಚಾರ್ರ ಬಳಿ ಒಯ್ದೆ. ಅವರು ಒಂದನ್ನು ಕಣ್ಣಿಗೆ ಹಿಡಿದು ತುದಿಯವರೆಗೆ ದಿಟ್ಟಿಸಿದರು, ಬೆರಳಲ್ಲಿ ತೂಗುಬಿಟ್ಟು ಗೆಣ್ಣಿನಿಂದ ಬಡಿದು ಸದ್ದು ಕೇಳಿದರು, ಉಗುರಿನಿಂದ ಮರದ ಎಳೆಯೊಂದನ್ನು ಹಿಂಬಾಲಿಸಿದರು. ಎಳೆ ನಡುವಿನಲ್ಲೇ ಪಕ್ಕಕ್ಕೆ ಹೊರಳಿ ಕಾಣದಾಯಿತು. “ಇದು ಬ್ಯಾಡ್ರೀ ಸರ. ಎಳಿ ಅರ್ಧಕ್ಕೇ ಹೊರಗ ಹೋಗೇತಿ, ಮಳಿಗಾಲಕ್ಕ ಮತ್ತ ಬಾಗ್ತೈತಿ,” ಎಂದರು. ಎರಡನೆಯದು ಹಲವು ಪಟ್ಟಿಗಳನ್ನು ಅಂಟಿಸಿ ತಿರುವಿದ್ದು. ಅದನ್ನು ಬೆಂಚಿನ ಗಾಜಿನ ಮೇಲೆ ಉರುಳಿಸಿ, ಕೆಳಗಿನ ಬೆಳಕಿನ ಸಂದು ಹಿಗ್ಗುವುದೂ ಕುಗ್ಗುವುದೂ ಇಲ್ಲವೆಂದು ನೋಡಿ ನನ್ನ ಕೈಗಿತ್ತರು.

ನಮ್ಮೂರಿನ ಹವೆಗೆ ಬಾಗದ ಕಾರ್ಬನ್ನೇ ಲೇಸೆಂಬ ವಾದದಲ್ಲಿ ಹುರುಳಿದೆ. ಆದರೂ ನಾನು ಪಟ್ಟಿ ಅಂಟಿಸಿದ ಮೇಪಲನ್ನೇ ಇಟ್ಟುಕೊಂಡೆ. ಅಳತೆಯಲ್ಲಿ ಅದು ಒಂದೂಮುಕ್ಕಾಲು ಗೇಣಿಗೆ ನಿಂತಿತು. ಹಳೆಯದರಲ್ಲಿದ್ದ ಮಧ್ಯಮ ಗಡಸಿನ ಚರ್ಮದ ಟಿಪ್ಪನ್ನೇ ಇದಕ್ಕೂ ಹಾಕಿಸಿದ್ದೇನೆ. ಶಾಫ್ಟನ್ನೂ ಟಿಪ್ಪನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಈಗ ಕ್ಯೂ ಮಹಡಿಯಲ್ಲಿಲ್ಲ. ಕೆಳಗಿನ ನಡುಮನೆಯಲ್ಲಿ, ಬಿಸಿಲೂ ಇರುಚಲೂ ತಾಗದ ಕಡೆ, ಪೆಟ್ಟಿಗೆಯೊಳಗೆ ಮಲಗಿದೆ.