ದುಡ್ಡಿಲ್ಲದ ಬ್ಯಾಟ್‌ಮ್ಯಾನ್ ನಮ್ಮೂರಿನೋನು ಅನ್ಸ್ತಾನೆ

ಶನಿವಾರ ರಾತ್ರಿ ಊಟ ಮುಗಿಸಿ, ಹತ್ತು ಪೇಜ್ ನೋಡಿ ಮಲಗೋಣ ಅಂತ ಕೂತೋನು ಎದ್ದಾಗ ಗಂಟೆ ಎರಡೂಮುಕ್ಕಾಲು. ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಮೊದಲ ಸಂಪುಟ, ಹೆಸ್ರು ದಿ ಝೂ, ಮೊದಲ ಆರು ಸಂಚಿಕೆ ಸೇರಿಸಿ ಮಾಡಿರೋ ಕಾಮಿಕ್ಸ್ ಪುಸ್ತಕ. ಅವತ್ತಿಂದ ಮಂಡ್ಯದಲ್ಲಿ ಸಿಕ್ಕಿದೋರಿಗೆಲ್ಲಾ ಇದನ್ನೇ ಹೇಳ್ತಿದೀನಿ, ಆದ್ರೂ ಇನ್ನೂ ಹೇಳ್ಬೇಕು ಅನ್ನಿಸ್ತಿದೆ, ಅದಕ್ಕೇ ಬರೀತಿದೀನಿ.

2024ರ ಅಕ್ಟೋಬರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಕಂಪ್ನಿಯೋರು ಈ ಅಬ್ಸಲ್ಯೂಟ್ ಅನ್ನೋ ಕಾಮಿಕ್ಸ್ ಸಾಲು ಶುರು ಮಾಡಿದ್ರು. ಅದೇ ಹೀರೋಗಳೇ, ಆದ್ರೆ ಒಬ್ಬೊಬ್ರಿಗೂ ಬೆನ್ನಿಗೆ ಏನು ಆಸರೆ ಇತ್ತೋ ಅದನ್ನ ಕಿತ್ಕೊಂಡ್ಬಿಟ್ಟಿದಾರೆ. ಬ್ಯಾಟ್‌ಮ್ಯಾನ್‌ಗೆ ಬಂಗಲೆ ಇಲ್ಲ, ಕೋಟಿಗಟ್ಲೆ ದುಡ್ಡಿಲ್ಲ. ವಂಡರ್ ವುಮನ್‌ಗೆ ಅಮೆಜಾನ್ ಅನ್ನೋ ಯೋಧೆಯರ ಕುಲದ ಅಕ್ಕತಂಗೀರಿಲ್ಲ. ಸೂಪರ್‌ಮ್ಯಾನ್‌ಗೆ ಕ್ಯಾನ್ಸಸ್‌ನ ಹೊಲದ ಮನೇಲಿ ಆಡ್ಕೊಂಡು ಬೆಳೆದ ಬಾಲ್ಯ ಇಲ್ಲ. ಎಲ್ಲಾ ಕಿತ್ಕೊಂಡ್ಮೇಲೂ ಆ ಮನುಷ್ಯ ಅದೇ ಮನುಷ್ಯನಾಗಿ ಉಳೀತಾನಾ, ಇಡೀ ಸಾಲು ಕೇಳ್ತಿರೋದು ಇದೊಂದೇ.

ಸ್ಕಾಟ್ ಸ್ನೈಡರ್ ಬರೆದಿರೋ, ನಿಕ್ ಡ್ರಗಾಟ ಚಿತ್ರ ಬಿಡಿಸಿರೋ ಈ ಬ್ರೂಸ್ ವೇಯ್ನ್, ಅಂದ್ರೆ ಮುಖವಾಡದ ಹಿಂದಿರೋ ಬ್ಯಾಟ್‌ಮ್ಯಾನ್, ಒಬ್ಬ ಸಿವಿಲ್ ಇಂಜಿನಿಯರ್ ಕಣ್ರೀ! ಊರಿನ ಸೇತುವೆ, ಸುರಂಗ, ಕಟ್ಟಡ ಹೆಂಗೆ ನಿಂತಿದಾವೆ ಅಂತ ಗೊತ್ತಿರೋದೇ ಅವನ ಶಕ್ತಿ. ನಮ್ ಕಡೆ ವಿಶ್ವೇಶ್ವರಯ್ಯನವರ ಫೋಟೋನ ದೇವರ ಫೋಟೋ ಪಕ್ಕದಲ್ಲಿ ಇಟ್ಕೊಂಡಿರೋ ಮನೆಗಳಿದಾವೆ, ಕಾಲುವೇಲಿ ನೀರು ಬಂದಾಗೆಲ್ಲಾ ಅವರನ್ನ ನೆನೆಯೋ ಅಜ್ಜಂದಿರಿದಾರೆ, ಅಂಥಾ ಜಿಲ್ಲೇಲಿ ಹುಟ್ಟಿದೋನಿಗೆ ಇಂಜಿನಿಯರ್ ಹೀರೋ ಅಂದ್ರೆ ಬಿಡಿಸಿ ಹೇಳೋದೇನೂ ಬೇಕಾಗಿಲ್ಲ. ಇವನು ಆಳೂ ಅಷ್ಟೇ, ಬಾಗಿಲು ತುಂಬೋ ಅಷ್ಟು ಅಗಲ. ಎದೆ ಮೇಲಿರೋ ಬಾವಲಿ ಗುರುತು ಕಿತ್ತು ಹಿಡ್ಕೊಂಡ್ರೆ ಅದೇ ಕೊಡಲಿ. ಮೊದಲನೇ ಸಂಚಿಕೇಲೇ ಒಬ್ಬ ರೌಡಿ ಕೈ ಕತ್ತರಿಸಿ ಬಿಸಾಕ್ತಾನೆ, ನಾನು ಪುಸ್ತಕ ಮುಚ್ಚಿಟ್ಟು ಎದ್ದು ನೀರು ಕುಡ್ಕೊಂಡು ಬಂದೆ. ಇವನು ಹೀರೋನಾ ಆಂಟಿಹೀರೋನಾ ಅನ್ನೋ ಅನುಮಾನ ಶುರುವಾಗೋದೇ ಅಲ್ಲಿ. ಕಥೆ ಹೇಳೋ ಆಲ್ಫ್ರೆಡ್‌ಗೂ ಅದೇ ಅನುಮಾನ, ಯಾಕಂದ್ರೆ ಇಲ್ಲಿ ಅವನು ಕಾಫಿ ತಂದ್ಕೊಡೋ ಬಟ್ಲರ್ ಅಲ್ಲ, ಇವನ ಮೇಲೆ ಕಣ್ಣಿಡಕ್ಕೆ ಬಂದಿರೋ ಬ್ರಿಟಿಷ್ ಗೂಢಚಾರ.

ಆದ್ರೆ ನನ್ನನ್ನ ಅಲ್ಲಾಡಿಸಿದ್ದು ಝೂ. ಬ್ರೂಸ್‌ನ ಅಪ್ಪ ಥಾಮಸ್ ಇಲ್ಲಿ ಡಾಕ್ಟರ್ ಅಲ್ಲ, ಸ್ಕೂಲ್ ಮೇಷ್ಟ್ರು. ಕ್ಲಾಸಿನ ಮಕ್ಕಳನ್ನ ಝೂಗೆ ಕರ್ಕೊಂಡು ಹೋಗಿರ್ತಾರೆ, ಅಲ್ಲಿ ಒಬ್ಬ ಗುಂಡು ಹಾರಿಸಕ್ಕೆ ಶುರು ಮಾಡ್ತಾನೆ, ಮೇಷ್ಟ್ರು ಮಕ್ಕಳನ್ನ ಉಳಿಸಕ್ಕೆ ಹೋಗಿ ತಾವು ಉಳಿಯಲ್ಲ.

ನಮ್ಮಮ್ಮ ಮೂವತ್ತೆರಡು ವರ್ಷ ಪ್ರೈಮರಿ ಸ್ಕೂಲ್ ಟೀಚರ್. ಪ್ರತಿ ವರ್ಷ ಮಕ್ಕಳನ್ನ ಬಸ್ಸಲ್ಲಿ ತುಂಬ್ಕೊಂಡು ಮೈಸೂರು ಝೂಗೆ ಕರ್ಕೊಂಡು ಹೋಗೋರು, ನಾನೂ ಎರಡು ಸಲ ಆ ಬಸ್ಸಲ್ಲಿದ್ದೆ. ಜಿರಾಫೆ ಹತ್ರ ಒಂದ್ಸಲ, ಹುಲಿ ಹತ್ರ ಒಂದ್ಸಲ, ಗೇಟಲ್ಲಿ ಒಂದ್ಸಲ ನಿಂತು ತಲೆ ಎಣಿಸೋರು, ಅಮ್ಮ ಅಷ್ಟು ಸಲ ಝೂಗೆ ಹೋಗಿ ಒಂದು ಪ್ರಾಣೀನೂ ಸರಿಯಾಗಿ ನೋಡಿರಲ್ಲ. ಭಾನುವಾರ ಬೆಳಿಗ್ಗೆ ಅವರು ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ ನಾನು ಈ ಕಥೆ ಪೂರ್ತಿ ಹೇಳ್ದೆ. ಬ್ಯಾಟ್‌ಮ್ಯಾನ್ ಯಾರು ಏನು ಅಂತ ಒಂದೂ ಕೇಳಲಿಲ್ಲ. ಕೈ ನಿಲ್ಲಿಸಿ, "ಮಕ್ಕಳೆಲ್ಲಾ ಉಳ್ಕೊಂಡ್ರಾ?" ಅಂದ್ರು. "ಉಳ್ಕೊಂಡ್ರು ಅಮ್ಮ" ಅಂದೆ. ತಲೆ ಆಡಿಸಿ ಮತ್ತೆ ಬಿಡಿಸಕ್ಕೆ ಶುರು ಮಾಡಿದ್ರು.

ಇನ್ನೊಂದು ಹೇಳ್ಲೇಬೇಕು, ಗೆಳೆಯರ ವಿಷ್ಯ. ಆಸ್ವಾಲ್ಡ್, ಹಾರ್ವಿ, ಎಡ್ವರ್ಡ್, ವೇಲಾನ್, ಸೆಲೀನಾ ಇಲ್ಲಿ ಬ್ರೂಸ್ ಜೊತೆ ಆಡಿ ಬೆಳೆದೋರು. ಹಳೇ ಕಾಮಿಕ್ಸ್ ಓದಿದೋರಿಗೆ ಗೊತ್ತು, ಇವರೇ ಮುಂದೆ ಬ್ಯಾಟ್‌ಮ್ಯಾನ್‌ಗೆ ಎದುರಾಗೋ ಪೆಂಗ್ವಿನ್, ಟೂ ಫೇಸ್, ರಿಡ್ಲರ್, ಕಿಲ್ಲರ್ ಕ್ರಾಕ್, ಕ್ಯಾಟ್‌ವುಮನ್ ಅಂತ. ಇವರೆಲ್ಲಾ ಒಟ್ಟಿಗೆ ಕೂತು ನಗ್ತಿರೋ ಪುಟ ಬಂದಾಗೆಲ್ಲಾ ಹೊಟ್ಟೇಲಿ ಸಂಕಟ ಆಗುತ್ತೆ, ಕಾಲುವೆ ಏರಿ ಮೇಲೆ ಕೂತು ಕಬ್ಬು ಸಿಗೀತಿದ್ದ ನಮ್ಮ ಗ್ಯಾಂಗ್ ನೆನಪಾಗುತ್ತೆ, ಅದರಲ್ಲಿ ಯಾರ್ ಯಾರು ಎಲ್ಲೆಲ್ಲಿಗೆ ಹೋಗಿ ಮುಟ್ಟಿದ್ರು ಅನ್ನೋದೂ ನೆನಪಾಗುತ್ತೆ. ದುಡ್ಡಿರೋನು ಇಲ್ಲಿ ಬ್ಯಾಟ್‌ಮ್ಯಾನ್‌ನ ಪರಮ ಶತ್ರು ಜೋಕರ್, ಅದೂ ಮಹಾ ಶ್ರೀಮಂತ. ಎಷ್ಟು ಸರಿಯಾಗಿ ತಿರುಗಿಸಿದಾರೆ ನೋಡಿ!

ಇದೇ ಸಾಲಿನ ವಂಡರ್ ವುಮನ್ ಕಥೆ ಬರೆದಿರೋದು ಕೆಲ್ಲಿ ಥಾಂಪ್ಸನ್, ಚಿತ್ರ ಹೇಡನ್ ಶರ್ಮನ್. ಡಯಾನಾ, ಅಂದ್ರೆ ವಂಡರ್ ವುಮನ್, ಕೂಸಾಗಿದ್ದಾಗಲೇ ನರಕಕ್ಕೆ ಬೀಳ್ತಾಳೆ, ಸರ್ಸಿ ಅನ್ನೋ ಮಾಟಗಾತಿ ಅವಳನ್ನ ಸಾಕ್ತಾಳೆ. ಆ ಸಾಕುತಾಯಿ ಮೊದಮೊದಲು ಮಗು ಬೇಡ ಬೇಡ ಅಂತಿದ್ದೋಳು ಆಮೇಲೆ ಕರಗೋದನ್ನ ಎಷ್ಟು ನಿಧಾನಕ್ಕೆ ತೋರಿಸಿದಾರೆ ಅಂದ್ರೆ, ನನಗೆ ಇಡೀ ಸಾಲಲ್ಲಿ ಬರವಣಿಗೆ ದೃಷ್ಟಿಯಿಂದ ಇದೇ ಮೇಲು. ಎಲುಬಿನ ಕುದುರೆ ಏರಿ, ತನಗಿಂತ ದೊಡ್ಡ ಕತ್ತಿ ಹಿಡ್ಕೊಂಡು ಬರ್ತಾಳೆ, ನೋಡಕ್ಕೆ ಭಯಂಕರ, ಮಾತಾಡಿದ್ರೆ ಅಷ್ಟು ಮೃದು. ಬೆಟ್ಟದ ಮೇಲಿನ ತಾಯಿ ಕೈಲೂ ಆಯುಧ ನೋಡ್ಕೊಂಡೇ ಬೆಳೆದೋರು ನಾವು, ಉಗ್ರರೂಪ ಮತ್ತೆ ಕರುಣೆ ಒಟ್ಟಿಗಿರೋದು ನಮಗೇನು ಹೊಸದಲ್ಲ.

ಜೇಸನ್ ಆರನ್ ಬರೆದಿರೋ ಸೂಪರ್‌ಮ್ಯಾನ್‌ಗೆ ನನ್ನ ಮಾರ್ಕ್ಸ್ ಸ್ವಲ್ಪ ಕಮ್ಮಿ, ಕಥೆ ಹಿಂದೆ ಮುಂದೆ ಜಾಸ್ತಿ ಹಾರುತ್ತೆ. ಆದ್ರೆ ಅವನ ಅಪ್ಪ ಅಮ್ಮ ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್‌ನಲ್ಲಿ ದುಡಿಯೋ ಜನ, ಗ್ರಹ ಸಾಯ್ತಿದೆ ಅಂತ ಬಾಯಿ ಬಡ್ಕೊಂಡ್ರೂ ಮೇಲಿರೋರು ಕೇಳಲ್ಲ, ಆ ಭಾಗ ಮಾತ್ರ ಬೆಂಕಿ. ಡಿಸಿಗೆ ಪೈಪೋಟಿ ಕಂಪ್ನಿ ಮಾರ್ವೆಲ್‌ನಲ್ಲಿ 2024ರ ಜನವರಿಯಿಂದ ಬಂದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಕೂಡ ಬಿಡ್ಬೇಡಿ. ಸ್ಪೈಡರ್‌ಮ್ಯಾನ್ ಆಗೋ ಪೀಟರ್‌ಗೆ ಇಲ್ಲಿ ಹೆಂಡ್ತಿ, ಇಬ್ರು ಮಕ್ಕಳು ಆದ್ಮೇಲೆ ಶಕ್ತಿ ಬರುತ್ತೆ, ಹಳೇ ಕಥೇಲಿ ಸಾಯೋ ಅಂಕಲ್ ಬೆನ್ ಇಲ್ಲಿ ಬದುಕಿದಾರೆ. ಸಂಸಾರಸ್ಥರು ಓದ್ಲೇಬೇಕಾದ್ದು.

ಅಕ್ಕನ ಮಗ ಬಂದಿದ್ದ ಮೊನ್ನೆ, "ಮಾಮ, ನಿನ್ ಚಿಕ್ಕ ವಯಸ್ಸಲ್ಲಿ ಯಾರು ಸೂಪರ್‌ಹೀರೋ?" ಅಂದ. ಬಾಲಮಂಗಳ ಪತ್ರಿಕೇಲಿ ಬರ್ತಿದ್ದ ಡಿಂಗ ಅನ್ನೋ ಇಲಿ ಅಂದೆ. ಇಲೀನಾ ಅಂತ ಕಣ್ಣರಳಿಸಿದ. ಹೌದು ಇಲಿ, ಅಷ್ಟು ಚಿಕ್ಕದು, ಇಡೀ ಕಾಡಿಗೆ ಅದೇ ಧೈರ್ಯ. ಅವನಿಗೆ ಈ ಕೈ ಕಡಿಯೋ ಬ್ಯಾಟ್‌ಮ್ಯಾನ್ ಇನ್ನೂ ಕೊಡಲ್ಲ, ವಯಸ್ಸಾಗ್ಲಿ. ಅಲ್ಲೀವರೆಗೂ ಪುಸ್ತಕ ನನ್ನ ಬೀರುವಿನ ಮೇಲಿನ ಅರೇಲಿ, ಬೈಂಡ್ ಹಾಕಿ ಇಟ್ಟಿದೀನಿ. ಮಂಡ್ಯದ ಗೆಳೆಯರು ಯಾರಿಗಾದ್ರೂ ಓದ್ಬೇಕು ಅನ್ಸಿದ್ರೆ ಮನೆಗೆ ಬಂದು ತಗೊಂಡು ಹೋಗಿ, ಪುಟದ ಮೂಲೆ ಮಾತ್ರ ಮಡಚ್ಬೇಡಿ.