ಕಲ್ಲುಪುಡಿಯಲ್ಲಿ ಅಲಸಂದೆ: 26ನೇ ದಿನದವರೆಗೆ

ಬೇರೆ ಗ್ರಹದಲ್ಲಿ ನಮ್ಮ ಗಿಡ ಬೇರೂರಬೇಕಾದರೆ ಏನು ಬೇಕು? ಕೈಯಾರೆ ಮಾಡಿ ನೋಡೋಣ ಅಂತ ಶುರು ಮಾಡಿದೆ. ಮಂಗಳದ ನೆಲದಲ್ಲಿ ಬಸಾಲ್ಟ್ ಕಲ್ಲೇ ಜಾಸ್ತಿ. ಹಾಗಾಗಿ ಎರಡು ಲೋಟಕ್ಕೆ ಬಸಾಲ್ಟ್ ಪುಡಿ ತುಂಬಿದೆ, ಮೂರನೆಯದಕ್ಕೆ ತೋಟದ ಮಣ್ಣು. ಎರಡನೇ ಲೋಟದ ಪುಡಿಗೆ ಮಾತ್ರ ಒಂದು ಚಮಚ ತೋಟದ ಮಣ್ಣು ಬೆರೆಸಿದೆ. ಒಂದೊಂದಕ್ಕೂ 4 ಅಲಸಂದೆ ಕಾಳು. 2024ರ ಡಿಸೆಂಬರ್ ಕೊನೆಯಲ್ಲಿ ಇಸ್ರೋ ಕಕ್ಷೆಗೆ ಕಳಿಸಿದ 8 ಅಲಸಂದೆ ಕಾಳು ನಾಲ್ಕೇ ದಿನದಲ್ಲಿ ಮೊಳೆತಿದ್ದವು. ಅದಕ್ಕೇ ಈ ಆಯ್ಕೆ.

3ನೇ ದಿನ: 12ರಲ್ಲಿ 11 ಮೊಳೆತಿವೆ! ಆದರೆ ಮೊಳಕೆಯನ್ನು ನೋಡಿ ಗೆದ್ದೆ ಅನ್ನುವಂತಿಲ್ಲ. ಕಾಳು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. 2019ರ ಜನವರಿಯಲ್ಲಿ ಚೀನಾದ ಚಾಂಗ್‌'ಎ-4 ನೌಕೆಯ ಡಬ್ಬಿಯೊಳಗೆ ಹತ್ತಿಬೀಜ ಚಂದ್ರನ ಮೇಲೆ ಮೊಳೆತಿತ್ತು. ರಾತ್ರಿ ಬಂದು ಚಳಿ ಬಿದ್ದಾಗ ಸತ್ತುಹೋಯಿತು.

9ನೇ ದಿನ: ಬರೀ ಪುಡಿಯ ಲೋಟದಲ್ಲಿ ತೊಂದರೆ. ಮೇಲಿಂದ ನೀರು ಹಾಕಿದಷ್ಟೂ ಪುಡಿ ಗಾರೆಯಂತೆ ಗಟ್ಟಿಯಾಗುತ್ತಿದೆ. ಒಂದು ಬೇರು ಒಳಗಿಳಿಯಲಾಗದೆ ಮೇಲೇ ಸುರುಳಿ ಸುತ್ತಿಕೊಂಡಿತ್ತು. ಕಡ್ಡಿಯಿಂದ ಸಡಿಲ ಮಾಡಿ, ಲೋಟದ ತಳಕ್ಕೆ ತೂತು ಕೊರೆದು ನೀರಿನ ತಟ್ಟೆಯಲ್ಲಿಟ್ಟೆ. ಈಗ ಕೆಳಗಿಂದ ಹೀರಿಕೊಳ್ಳುತ್ತಿದೆ.

17ನೇ ದಿನ: ಬುತ್ತಿ ಮುಗಿಯಿತು. ಬರೀ ಪುಡಿಯ ಗಿಡಗಳ ಎಲೆ ಹಳದಿ. 2022ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಅಪೊಲೊ ಯಾತ್ರಿಗಳು ತಂದ ಚಂದ್ರನ ಮಣ್ಣಲ್ಲಿ ಬೆಳೆಸಿದ ಗಿಡಗಳ ಕಥೆಯೂ ಹೀಗೇ ಅಲ್ವಾ? ಎಲ್ಲ ಮೊಳೆತವು, ಸುಮಾರು ಆರು ದಿನ ಕಳೆದ ಮೇಲೆ ಸೊರಗತೊಡಗಿದವು. ಅವಕ್ಕೆ ಪೋಷಕಾಂಶದ ನೀರನ್ನೂ ಕೊಟ್ಟಿದ್ದರು.

26ನೇ ದಿನ: ಒಂದು ಚಮಚ ಮಣ್ಣು ಬೆರೆಸಿದ ಲೋಟದ ಗಿಡ ಹಸಿರಾಗಿದೆ. ಒಂದನ್ನು ಮೆಲ್ಲಗೆ ಕಿತ್ತು ಬೇರು ತೊಳೆದೆ. ಸಾಸಿವೆಯಷ್ಟು ದಪ್ಪದ ಗಂಟುಗಳು! ಉಗುರಲ್ಲಿ ಒಂದನ್ನು ಸೀಳಿದೆ, ಒಳಗೆ ನಸುಗೆಂಪು. ಅಂದರೆ ಗಂಟಿನೊಳಗೆ ಮನೆ ಮಾಡಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿವೆ. ಬರೀ ಪುಡಿಯ ಬೇರಲ್ಲಿ ಒಂದೂ ಗಂಟಿಲ್ಲ. ಬೀಜದ ಜೊತೆ ಮಣ್ಣಿನ ಜೀವಿಗಳೂ ಹೋಗಬೇಕು, ಇಲ್ಲದಿದ್ದರೆ ಬುತ್ತಿ ಇರುವಷ್ಟು ದಿನವೇ ಬದುಕು ಅಂತ ನನಗೀಗ ಗಟ್ಟಿಯಾಗಿ ಅನ್ನಿಸಿದೆ.

ನಿಜವಾದ ಮಂಗಳ ಇನ್ನೂ ಕಠಿಣ. ಗಾಳಿಯ ಒತ್ತಡ ಇಲ್ಲಿಯದರ ಶೇ 1ಕ್ಕಿಂತ ಕಡಿಮೆ, ಹಾಗಾಗಿ ಮುಚ್ಚಿದ ಮನೆ ಬೇಕೇ ಬೇಕು. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಲ್ಲಿ ಪರ್‌ಕ್ಲೋರೇಟ್ ಎಂಬ ಲವಣ ಪತ್ತೆ ಮಾಡಿತು. ಆ ವಿಷವನ್ನು ಮೊದಲು ತೊಳೆಯಬೇಕು.

ಕಿತ್ತ ಗಿಡವನ್ನು ಚೂರು ಮಾಡಿ ಅದೇ ಪುಡಿಗೆ ಬೆರೆಸಿದ್ದೇನೆ. ವಾರ ಬಿಟ್ಟು ಎರಡನೇ ಬಿತ್ತನೆ.