ಉಡದಾರದ ಕೆಳಗೆ

ಮೆಡಿಕಲ್ ಕಾಲೇಜಿನ ಸಂಚಿಕೆಗೆ ಬರೀರಿ ಅಂದರೆ ಎಲ್ಲರೂ ಹಾಸ್ಟೆಲ್ಲು, ಕ್ಯಾಂಟೀನು, ಕಲಬುರಗಿ ಬಿಸಿಲು ಅಂತ ಬರೀತಾರೆ. ನನಗೆ ಮೊದಲು ನೆನಪಾಗುವುದು ಒಂದು ಉಡದಾರ.

ಹೌಸ್‌ಸರ್ಜನ್ಸಿ, ಅಂದರೆ ಎಂಬಿಬಿಎಸ್ ಕೊನೆಯ ಆಸ್ಪತ್ರೆ ತರಬೇತಿ, ನಡೆದಿತ್ತು. ಅಕ್ಟೋಬರ್ ತಿಂಗಳು. ಚಿಂಚೋಳಿ ಕಡೆಯ ಆರು ವರ್ಷದ ಹುಡುಗ ಮಕ್ಕಳ ವಾರ್ಡಿಗೆ ಬಂದ. ಎಂಟು ದಿನದಿಂದ ಜ್ವರ, ವಾಂತಿ. ಮುಖ ಸ್ವಲ್ಪ ಊದಿತ್ತು. ಲಿವರ್, ಸ್ಪ್ಲೀನ್ (ಗುಲ್ಮ) ಎರಡೂ ದೊಡ್ಡದಾಗಿ, ಹೊಟ್ಟೆ ಒತ್ತಿದರೆ ಕೈಗೆ ಸಿಗುತ್ತಿದ್ದವು. ರಕ್ತದ ಪ್ಲೇಟ್‌ಲೆಟ್ 60 ಸಾವಿರಕ್ಕೆ ಇಳಿದಿತ್ತು. ಡೆಂಗಿ ನೆಗೆಟಿವ್, ಮಲೇರಿಯಾ ನೆಗೆಟಿವ್. ಟೈಫಾಯ್ಡ್ ಇರಬಹುದೆಂದು ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ಮೂರು ದಿನ ಆದರೂ ಜ್ವರ ಜಗ್ಗಲಿಲ್ಲ. ಕೇಸ್ ಶೀಟಿನಲ್ಲಿ ನಾನು 'ಚರ್ಮ: ನಾರ್ಮಲ್' ಎಂದು ಬರೆದಿದ್ದೆ. ನೋಡಿದ್ದು ಎದೆ, ಹೊಟ್ಟೆ ಅಷ್ಟೇ.

ರೌಂಡ್ಸಿಗೆ ಬಂದ ಹಿರಿಯ ಡಾಕ್ಟರ್ ಮೇಡಂ ಶೀಟ್ ಓದಿ, "ಚಡ್ಡಿ ಬಿಚ್ಚಿ ನೋಡಿದ್ಯಾ?" ಅಂದರು. ನಾನು ಸುಮ್ನೆ ನಿಂತೆ.

ಅವರೇ ನೋಡತೊಡಗಿದರು. ಕಿವಿ ಹಿಂದೆ, ಕಂಕುಳು, ತೊಡೆಸಂದಿ. ಹುಡುಗ ಚಡ್ಡಿ ಬಿಡಲೊಲ್ಲ, ಒಂದೇ ಅಳು. ಸೊಂಟದಲ್ಲಿ ಬಿಗಿಯಾಗಿ ಕಟ್ಟಿದ್ದ ಕರಿ ಉಡದಾರವನ್ನು ಸಿಸ್ಟರ್ ಕತ್ತರಿಸಿದರು. ಅದರ ಕೆಳಗೆ ತೊಗರಿಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಬೀಡಿಯಿಂದ ಸುಟ್ಟ ಹಾಗಿತ್ತು. ಮುಟ್ಟಿದರೆ ನೋವೇ ಇಲ್ಲ.

"ಅದು ಉಡದಾರ ತಿಕ್ಕಿ ಆಗ್ಯದ್ರಿ ಸರ," ಅಂದಳು ತಾಯಿ. "ಜ್ವರ ಬರೋಕ್ಕಿಂತ ಮೊದ್ಲೇ ಇತ್ತು."

"ಮತ್ತೆ ಹೇಳಲಿಲ್ಲ ಯಾಕಮ್ಮ?"

"ನೀವು ಕೇಳ್ಲೇ ಇಲ್ಲಲ್ರಿ."

ಅದು ಎಸ್ಕಾರ್, ಹುಳ ಕಚ್ಚಿದ ಜಾಗದಲ್ಲಿ ಕಟ್ಟುವ ಕಪ್ಪು ಹಕ್ಕಳೆ. ಕಾಯಿಲೆ ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಮೈಟ್ ಎಂಬ ಸಣ್ಣ ಜೀವಿಯ ಮರಿ ಕಚ್ಚಿದರೆ ಬರುತ್ತದೆ. ಮರಿ ಕಣ್ಣಿಗೆ ಬೀಳುವುದೇ ಕಷ್ಟ. ಮೈ ಮೇಲೆ ಹತ್ತಿ, ಬಟ್ಟೆ ಬಿಗಿಯಾದ ಕಡೆ, ಸಂದಿಗಳಲ್ಲಿ ಕೂರುತ್ತದೆ. ಕಚ್ಚಿ ಒಂದರಿಂದ ಮೂರು ವಾರದೊಳಗೆ ಜ್ವರ. ತಾಯಿ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಹುಡುಗ ಅಲ್ಲೇ ಮಲಗುತ್ತಿದ್ದನಂತೆ. ಇದನ್ನೂ ನಾನು ಕೇಳಿರಲಿಲ್ಲ.

ಎಲ್ಲ ಮಕ್ಕಳಿಗೂ ಈ ಗುರುತು ಸಿಗುವುದಿಲ್ಲ, ಸಿಗದಿದ್ದರೆ ಕಾಯಿಲೆ ಇಲ್ಲ ಎಂದೂ ಅಲ್ಲ ಎಂದು ಮೇಡಂ ಹೇಳಿದರು. ಕಾಯಿಲೆ ಖಚಿತಪಡಿಸುವ ಐಜಿಎಂ ಎಲೈಸಾ ಎಂಬ ಪರೀಕ್ಷೆಗೆ ರಕ್ತ ಕಳಿಸಿದೆವು. ಆದರೆ ರಿಪೋರ್ಟಿಗೆ ಕಾಯಲು ಅವರು ಬಿಡಲಿಲ್ಲ. ತಡವಾದರೆ ಶ್ವಾಸಕೋಶ, ಮಿದುಳು, ಕಿಡ್ನಿ ಯಾವುದಕ್ಕಾದರೂ ಏಟು ಬೀಳಬಹುದು. ಸೆಫ್ಟ್ರಿಯಾಕ್ಸೋನ್ ಎಷ್ಟು ದಿನ ಕೊಟ್ಟರೂ ಈ ಬ್ಯಾಕ್ಟೀರಿಯಾಗೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಬೇರೆ ಆ್ಯಂಟಿಬಯೋಟಿಕ್ ಬರೆದರು, ಕೆಜಿಗೆ ದಿನಕ್ಕೆ 4.5 ಮಿಲಿಗ್ರಾಂ, ಎರಡು ಸಲಕ್ಕೆ ಹಂಚಿ.

ಎಂಟು ವರ್ಷದ ಒಳಗಿನವರಿಗೆ ಕೊಟ್ಟರೆ ಹಲ್ಲಿಗೆ ಕಲೆ ಬೀಳುತ್ತದೆ ಅಂತ ಬಾಯಿಪಾಠ ಮಾಡಿದ್ದವನು ನಾನು. ಅದನ್ನೇ ಹೇಳಿದೆ.

"ಹಲ್ಲು ಇರಬೇಕಾದ್ರೆ ಮೊದಲು ಹುಡುಗ ಇರಬೇಕಲ್ಲಪ್ಪಾ," ಅಂದರು ಮೇಡಂ. ಕೆಲವೇ ದಿನದ ಕೋರ್ಸಿಗೆ ಆ ಹೆದರಿಕೆ ಬೇಕಿಲ್ಲ ಎಂಬುದು ಈಗ ಪುಸ್ತಕಕ್ಕೂ ಬಂದಿದೆ.

ಮರುದಿನ ರಾತ್ರಿ ಹೊತ್ತಿಗೆ ಜ್ವರ ಇಳಿಯಿತು. ಅದರ ಮರುದಿನ ಹುಡುಗ ರೊಟ್ಟಿ ಕೇಳಿದ. ತಾಯಿಗೆ ಇನ್ನೊಂದೇ ಚಿಂತೆ. "ಬರೇ ಸೊಂಟ ಇರಬಾರ್ದ್ರಿ ಸರ." ಸಂಜೆ ಸೂಪರ್ ಮಾರ್ಕೆಟಿಗೆ ಹೋಗಿ ಹೊಸ ಕರಿ ಉಡದಾರ ತಂದುಕೊಟ್ಟೆ. ಕಟ್ಟುವಾಗ ಅವಳು ಎರಡು ಬೆರಳು ಹಿಡಿಸುವಷ್ಟು ಸಡಿಲ ಬಿಟ್ಟಳು.